ಟ್ರಿಗರ್ ಮೇಲಿನ ಬೆರಳು ಯಾರದು? ಹಿಂಸೆಯ ಬಗ್ಗೆ ಯೋಚಿಸುವಂತೆ ಮಾಡುವ ವಿಡಿಯೋ ಗೇಮ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತು ವರ್ಷಗಳಿಂದ ಗೇಮ್ ಆಡುತ್ತಿದ್ದೇನೆ. ಈಚೆಗೆ ಕೆಲವು ಕಾಲೇಜುಗಳಲ್ಲಿ ಅವುಗಳ ಬಗ್ಗೆ ಮಾತನಾಡಲು ಕರೆಯುತ್ತಾರೆ. ವೇದಿಕೆಯ ಮೇಲೆ ಕುಳಿತಾಗ ಯಾರೂ ಏನನ್ನೂ ಕೇಳುವುದಿಲ್ಲ. ಕೆಳಗಿಳಿದು ಚಹಾ ಕೈಗೆತ್ತಿಕೊಂಡ ಕೂಡಲೇ ಪ್ರಶ್ನೆಗಳು ಮುತ್ತಿಕೊಳ್ಳುತ್ತವೆ. ಆಮೇಲೆ ಪತ್ರಗಳಲ್ಲಿಯೂ ಅವೇ ಪ್ರಶ್ನೆಗಳು ಬರುತ್ತವೆ. ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಆಟಗಳ ಗುಟ್ಟು ಇಲ್ಲಿ ಬಯಲಾಗುತ್ತದೆ. ಗುಟ್ಟು ಬೇಡವೆನ್ನುವವರು ಆಟದ ಹೆಸರು ಕಂಡ ಕೂಡಲೇ ಮುಂದಿನ ಪ್ರಶ್ನೆಗೆ ಜಿಗಿಯಬಹುದು.

## ಮೊದಲ ಮೆಟ್ಟಿಲು

ಕೊಲ್ಲುವುದನ್ನು ಕಲಿಸುವ ಆಟದಿಂದಲೇ ಕೊಲ್ಲಬೇಡ ಎಂದು ಹೇಳಿಸುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಲ್ಲವೇ?

ಸ್ವಲ್ಪ ಹಾಗೆಯೇ. ಆದರೆ ಯಾವ ಬಾಗಿಲು ಭದ್ರವಾಗಿಲ್ಲ ಎಂಬುದನ್ನು ಕಳ್ಳನಿಗಿಂತ ಚೆನ್ನಾಗಿ ಬಲ್ಲವರೂ ಇಲ್ಲ.

ಸಿನಿಮಾದಲ್ಲಿ ನಾಯಕ ಗುಂಡು ಹಾರಿಸುವಾಗ ನಾವು ಕುರ್ಚಿಗೆ ಒರಗಿ ಕೂತಿರುತ್ತೇವೆ. ತಪ್ಪಾದರೆ 'ಅವನು ಹಾಗೆ ಮಾಡಬಾರದಿತ್ತು' ಎನ್ನುತ್ತೇವೆ. ಗೇಮ್ ಆಡುವವರ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿ: 'ನಾನು ಸತ್ತೆ', 'ನಾನು ಹೊಡೆದೆ', 'ನಾನು ಬಚ್ಚಿಟ್ಟುಕೊಂಡೆ'. ಪಾತ್ರದ ಹೆಸರು ಅವರ ಬಾಯಿಗೆ ಬರುವುದೇ ಇಲ್ಲ. ವ್ಯಾಕರಣದ ಮೇಷ್ಟ್ರು ಉತ್ತಮ ಪುರುಷ ಎಂದು ಹೇಳಿಕೊಟ್ಟ ಆ 'ನಾನು' ಎಂಬ ಪದವೇ ಗೇಮ್‌ಗಳ ಬಂಡವಾಳ. ಬಹುಪಾಲು ಗೇಮ್‌ಗಳು ಅದನ್ನು ಗೆಲುವಿಗೆ ಮಾತ್ರ ಖರ್ಚು ಮಾಡುತ್ತವೆ. ನಾನು ಇಲ್ಲಿ ಹೇಳಲಿರುವ ಕೆಲವು ಆಟಗಳು ಅದೇ 'ನಾನು' ಎಂಬುದನ್ನು ನಾಚಿಕೆಗೆ, ಅನುಮಾನಕ್ಕೆ, ಕೈ ತಡೆಯುವುದಕ್ಕೆ ಬಳಸುತ್ತವೆ.

ನನ್ನ ಮಗ ದಿನವಿಡೀ ಬಿಜಿಎಂಐ ಆಡುತ್ತಾನೆ. ಅದೂ ಯೋಚನೆಗೆ ಹಚ್ಚುವ ಆಟವೇ?

ಅಲ್ಲ. ಅದೊಂದು ಸ್ಪರ್ಧೆ. ನೂರು ಜನ ವಿಮಾನದಿಂದ ಧುಮುಕುತ್ತಾರೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ಕಬಡ್ಡಿಯಲ್ಲಿ 'ಔಟ್' ಆದವನ ಬಗ್ಗೆ ಯಾರೂ ಶೋಕಿಸುವುದಿಲ್ಲ, ಇಲ್ಲಿಯೂ ಹಾಗೆಯೇ.

ಒಂದು ತಪ್ಪು ತಿಳಿವಳಿಕೆ ಇದೆ. ಪಬ್‌ಜಿ ಮೊಬೈಲ್ ಆಟವನ್ನು 2020ರ ಸೆಪ್ಟೆಂಬರ್‌ನಲ್ಲಿ 118 ಆಪ್‌ಗಳ ಪಟ್ಟಿಯಲ್ಲಿ ಸೇರಿಸಿ ನಿಷೇಧಿಸಿದ್ದು ಹಿಂಸೆಯ ಕಾರಣಕ್ಕಲ್ಲ. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು. 'ಕೊಂದ' ಎಂಬ ಪದದ ಜಾಗದಲ್ಲಿ 'ಮುಗಿಸಿದ' ಎಂಬರ್ಥದ ಪದ ಬಂತು. ಅನೇಕ ತಂದೆತಾಯಿಗಳಿಗೆ ಇದರಿಂದ ನೆಮ್ಮದಿಯಾಯಿತು. ನನಗೆ ಮಾತ್ರ ಕೊಂಚ ಕಸಿವಿಸಿಯಾಯಿತು. ರಕ್ತಕ್ಕೆ ಹಸಿರು ಬಳಿದರೆ ಹಿಂಸೆ ಕಡಿಮೆಯಾಗುವುದಿಲ್ಲ, ಅದು ಹಿಂಸೆ ಎಂಬುದು ಮರೆಯುತ್ತದೆ, ಅಷ್ಟೇ. ನಾನು ಮುಂದೆ ಹೇಳುವ ಆಟಗಳು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುತ್ತವೆ.

ಹಿಂಸೆಯ ಗೇಮ್ ಆಡಿದ ಮಕ್ಕಳು ಹಿಂಸೆಗೆ ಇಳಿಯುತ್ತಾರೆ ಎನ್ನುತ್ತಾರಲ್ಲ?

ಅಮೆರಿಕದ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2020ರಲ್ಲಿ ತನ್ನ ನಿಲುವನ್ನು ಮರುಪರಿಶೀಲಿಸಿ ಎರಡು ಮಾತು ಹೇಳಿತು. ಕೂಗಾಡುವುದು, ತಳ್ಳುವುದು ಮುಂತಾದ ಆಕ್ರಮಣಶೀಲ ವರ್ತನೆಗೂ ಇಂಥ ಗೇಮ್‌ಗಳಿಗೂ ಸಣ್ಣ ನಂಟು ಇದೆ. ಕೊಲೆ, ಗುಂಡಿನ ದಾಳಿಗಳಿಗೆ ಗೇಮ್‌ಗಳೇ ಕಾರಣ ಎನ್ನಲು ಸಾಕಷ್ಟು ಆಧಾರ ಇಲ್ಲ. ಅದಕ್ಕೂ ಒಂದು ವರ್ಷ ಮೊದಲು ಬ್ರಿಟನ್ನಿನಲ್ಲಿ 14–15 ವಯಸ್ಸಿನ ಸುಮಾರು ಸಾವಿರ ಮಕ್ಕಳ ಮೇಲೆ ಆಕ್ಸ್‌ಫರ್ಡ್ ಸಂಶೋಧಕರು ನಡೆಸಿದ ಅಧ್ಯಯನಕ್ಕೆ ಆ ಸಣ್ಣ ನಂಟೂ ಸಿಗಲಿಲ್ಲ.

ನಾನು ಗೇಮ್ ಪಕ್ಷದವನು, ಹಾಗಾಗಿ ಇದನ್ನು ಓದಿ ಖುಷಿಪಡಬೇಕು. ಆದರೆ ಅಳೆಯುವ ಸೇರು ಎರಡೂ ಕಡೆಗೆ ಒಂದೇ ಇರಬೇಕು. ಗೇಮ್ ಒಬ್ಬನನ್ನು ಕೊಲೆಗಾರನನ್ನಾಗಿ ಮಾಡಲಾರದು ಎಂದಾದರೆ, ಒಬ್ಬನನ್ನು ಅಹಿಂಸಾವಾದಿಯನ್ನಾಗಿಯೂ ಮಾಡಲಾರದು. ಆದ್ದರಿಂದ ನಾನು 'ಪರಿವರ್ತನೆ' ಎಂಬ ಪದವನ್ನು ಬಳಸುವುದಿಲ್ಲ. ಒಂದು ಕ್ಷಣ ಬೆರಳು ತಡವರಿಸಿದರೆ ನನಗೆ ಅಷ್ಟು ಸಾಕು.

ಇದೆಲ್ಲ ಈಗಿನ ಹುಡುಗರು ಶುರು ಮಾಡಿದ್ದೇ?

ಗೇಮ್‌ಗಳ ಹಿಂಸೆಯ ಮೇಲಿನ ಮೊದಲ ದೊಡ್ಡ ಗಲಾಟೆ ನಡೆದದ್ದು 1976ರಲ್ಲಿ. ಅಮೆರಿಕದ ಎಕ್ಸಿಡಿ ಕಂಪನಿಯ 'ಡೆತ್ ರೇಸ್' ಆಟದಲ್ಲಿ ಕಾರು ಓಡಿಸಿ ಕಡ್ಡಿಯಂಥ ಆಕೃತಿಗಳ ಮೇಲೆ ಹಾಯಿಸಬೇಕಿತ್ತು. ಸತ್ತ ಜಾಗದಲ್ಲಿ ಒಂದು ಶಿಲುಬೆ ಏಳುತ್ತಿತ್ತು. ಇವರು ಮನುಷ್ಯರಲ್ಲ, ದೆವ್ವಗಳು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು.

ಎದುರು ದಿಕ್ಕಿನ ಯೋಚನೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. 1980ರಲ್ಲಿ ಅಟಾರಿ ಕಂಪನಿಯ ಡೇವ್ ಥ್ಯೂರರ್ 'ಮಿಸೈಲ್ ಕಮಾಂಡ್' ರೂಪಿಸಿದ. ಆಕಾಶದಿಂದ ಬೀಳುವ ಕ್ಷಿಪಣಿಗಳಿಂದ ಆರು ನಗರಗಳನ್ನು ಕಾಯುವುದು ಆಟಗಾರನ ಕೆಲಸ. ತಿರುಗಿ ದಾಳಿ ಮಾಡಲು ದಾರಿಯೇ ಇಲ್ಲ. ಗೆಲ್ಲಲೂ ದಾರಿಯಿಲ್ಲ, ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ ಎಲ್ಲ ಊರುಗಳೂ ಸುಟ್ಟುಹೋಗುತ್ತವೆ. ಆಗ ಪರದೆಯ ಮೇಲೆ 'ಗೇಮ್ ಓವರ್' ಬರುವುದಿಲ್ಲ, 'ದಿ ಎಂಡ್' ಎಂದು ಬರುತ್ತದೆ. ಅಣುಯುದ್ಧದ ಭಯ ನಿಜವಾಗಿಯೂ ಇದ್ದ ಕಾಲ ಅದು. ಇದನ್ನು ರೂಪಿಸುತ್ತಿದ್ದಾಗ ಥ್ಯೂರರ್‌ಗೇ ಅಣುಸ್ಫೋಟದ ದುಃಸ್ವಪ್ನಗಳು ಬೀಳುತ್ತಿದ್ದವಂತೆ.

ಇವನ್ನು ಆಡಲು ದುಬಾರಿ ಯಂತ್ರ ಬೇಕೇ? ಮಕ್ಕಳಿಗೆ ಕೊಡಬಹುದೇ?

ಮುಂದೆ ಹೇಳಲಿರುವ ಆಟಗಳಲ್ಲಿ 'ಅಂಡರ್‌ಟೇಲ್' ಹಳೆಯ ಲ್ಯಾಪ್‌ಟಾಪ್‌ನಲ್ಲಿಯೂ ಓಡುತ್ತದೆ, ಹೈಸ್ಕೂಲಿನ ಮಕ್ಕಳು ಆಡಬಹುದು. 'ದಿಸ್ ವಾರ್ ಆಫ್ ಮೈನ್' ಮೊಬೈಲ್‌ನಲ್ಲಿಯೂ ಸಿಗುತ್ತದೆ, ಆದರೆ ಅದು ದೊಡ್ಡವರಿಗೆ. 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗ ಮತ್ತು 'ಸ್ಪೆಕ್ ಆಪ್ಸ್' ಹದಿನೆಂಟು ತುಂಬಿದವರಿಗೆ ಮಾತ್ರ. ಉದ್ದೇಶ ಒಳ್ಳೆಯದು ಎಂದ ಮಾತ್ರಕ್ಕೆ ದೃಶ್ಯಗಳು ಮೃದುವಾಗಿರುತ್ತವೆ ಎಂದುಕೊಳ್ಳಬೇಡಿ.

## ಆಟಗಳ ಒಳಗೆ

ಒಂದೇ ಒಂದು ಆಟದ ಹೆಸರು ಹೇಳಿ ಎಂದರೆ ಯಾವುದನ್ನು ಹೇಳುತ್ತೀರಿ?

'ಸ್ಪೆಕ್ ಆಪ್ಸ್: ದಿ ಲೈನ್'. ಬರ್ಲಿನ್ನಿನ ಯಾಗರ್ ಸಂಸ್ಥೆ ಅದನ್ನು 2012ರಲ್ಲಿ ಹೊರತಂದಿತು. ಮುಖಪುಟ ನೋಡಿದರೆ ಮಾಮೂಲಿ ಸೈನಿಕರ ಆಟ. ನಾನೂ ಹಾಗೆಂದುಕೊಂಡೇ, ಒಂದು ಭಾನುವಾರ ಕಳೆಯಲೆಂದು ತಂದಿದ್ದೆ.

ಮರಳಿನ ಬಿರುಗಾಳಿಯಲ್ಲಿ ದುಬೈ ಹೂತುಹೋಗಿದೆ. ಅಮೆರಿಕದ ಸೇನೆಯ ಕ್ಯಾಪ್ಟನ್ ವಾಕರ್ ಇಬ್ಬರು ಜೊತೆಗಾರರೊಂದಿಗೆ ಅಲ್ಲಿಗೆ ಬರುತ್ತಾನೆ. ಅವನಿಗಿರುವ ಆದೇಶ ಇಷ್ಟೇ: ಬದುಕಿರುವವರಿದ್ದಾರೆಯೇ ನೋಡು, ಇದ್ದರೆ ರೇಡಿಯೋದಲ್ಲಿ ತಿಳಿಸು, ಹಿಂದಿರುಗು. ಅವನು ಹಿಂದಿರುಗುವುದಿಲ್ಲ. ಆಟಗಾರನೂ ಹಿಂದಿರುಗುವುದಿಲ್ಲ, ದುಡ್ಡು ಕೊಟ್ಟು ತಂದ ಆಟ ಅರ್ಧ ಗಂಟೆಗೇ ಮುಗಿದರೆ ಹೇಗೆ?

ನಡುವಿನಲ್ಲಿ ಒಂದು ಕಡೆ ಶತ್ರುಗಳು ದಾರಿಗಡ್ಡ ನಿಂತಿದ್ದಾರೆ, ಸಂಖ್ಯೆಯಲ್ಲಿ ಬಹಳ ಹೆಚ್ಚು. ಪಕ್ಕದಲ್ಲಿ, ಮೈ ಸುಡುವ ಬಿಳಿ ರಂಜಕದ ಶೆಲ್ ಹಾರಿಸುವ ಫಿರಂಗಿ ಇದೆ. ಬೇರೆ ದಾರಿ ಇದ್ದೇ ಇರುತ್ತದೆ ಎಂದು ಜೊತೆಗಾರನೊಬ್ಬ ತಡೆಯುತ್ತಾನೆ. ವಾಕರ್ ಒಪ್ಪುವುದಿಲ್ಲ. ಮೇಲೆ ಹಾರಿಸಿದ ಕ್ಯಾಮೆರಾದಿಂದ ಕಪ್ಪು-ಬಿಳುಪು ಚಿತ್ರ ಬರುತ್ತದೆ. ಕೆಳಗೆ ಓಡಾಡುವವರೆಲ್ಲ ಬಿಳಿ ಚುಕ್ಕೆಗಳು. ಗುರಿ ಇಡು, ಒತ್ತು. ಇಂಥ ದೃಶ್ಯ ಹಿಂದೆಯೂ ಹಲವು ಗೇಮ್‌ಗಳಲ್ಲಿ ಬಂದಿತ್ತು, ಅಲ್ಲೆಲ್ಲ ಅದು ಬಹುಮಾನದಂತಿತ್ತು. ಇಲ್ಲಿ ಒಂದೇ ಒಂದು ವ್ಯತ್ಯಾಸ. ಆ ಪರದೆಯ ಗಾಜಿನಲ್ಲಿ ವಾಕರ್‌ನ ಮುಖ ಮಸುಕಾಗಿ ಪ್ರತಿಫಲಿಸುತ್ತಿರುತ್ತದೆ. ಕೊನೆಯಲ್ಲಿ ಒಂದು ಮೂಲೆಯಲ್ಲಿ ಚುಕ್ಕೆಗಳ ದೊಡ್ಡ ಗುಂಪು ಕಾಣುತ್ತದೆ. ಒತ್ತಿದೆ. ಎರಡು ಬಾರಿ ಯೋಚಿಸಲಿಲ್ಲ.

ಆಮೇಲೆ ಆಟ ಅದೇ ನೆಲದ ಮೇಲೆ ನಮ್ಮನ್ನು ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತದೆ. ಓಡಲು ಬಿಡುವುದಿಲ್ಲ. ಸುಟ್ಟು ತೆವಳುವ ಸೈನಿಕರ ನಡುವೆ ನಡೆದು ಹೋದರೆ, ಆ ದೊಡ್ಡ ಗುಂಪು ಶತ್ರುಗಳದ್ದಾಗಿರಲಿಲ್ಲ, ಆಶ್ರಯ ಪಡೆದಿದ್ದ ಊರಿನ ಜನರದ್ದು ಎಂದು ತಿಳಿಯುತ್ತದೆ. ಮಗುವಿನ ಕಣ್ಣು ಮುಚ್ಚಿ ಹಿಡಿದ ತಾಯಿ ಹಾಗೆಯೇ ಕರಕಲಾಗಿ ಕೂತಿರುತ್ತಾಳೆ. ನಾನು ಅಲ್ಲಿಗೆ ಆಟ ನಿಲ್ಲಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಬಂದು ಮತ್ತೆ ಆಡಿದೆ, ಇದನ್ನೂ ಹೇಳಬೇಕು. ಮುಂದೆ, ಆಟ ಲೋಡ್ ಆಗುವಾಗ ಸಾಮಾನ್ಯವಾಗಿ ಸಲಹೆಗಳು ಬರುವ ಜಾಗದಲ್ಲಿ ಪರದೆ ಕೇಳುತ್ತದೆ: ಈಗ ನಿನಗೆ ನೀನು ನಾಯಕ ಎನ್ನಿಸುತ್ತಿದೆಯೇ?

2024ರ ಜನವರಿಯಲ್ಲಿ ಈ ಆಟವನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದುಹಾಕಿದರು. ಕಾರಣ ಪರವಾನಗಿಗಳ ಅವಧಿ ಮುಗಿದದ್ದು. ಮೊದಲೇ ಕೊಂಡವರ ಬಳಿ ಉಳಿದಿದೆ.

ಆಟವೇ ಬಲವಂತವಾಗಿ ಮಾಡಿಸಿ ಆಮೇಲೆ ನನ್ನನ್ನೇ ಬೈಯುವುದು ಯಾವ ನ್ಯಾಯ?

ಮೇಲಿನ ಆಟದ ಬಗ್ಗೆ ಬರುವ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು, ನನಗೂ ಅರ್ಧ ಒಪ್ಪಿಗೆ. ರಂಜಕದ ಶೆಲ್ ಹಾರಿಸದೆ ಬಂದೂಕಿನಿಂದಲೇ ಕಾದಾಡುತ್ತೇನೆ ಎಂದರೆ ಶತ್ರುಗಳು ಮುಗಿಯುವುದೇ ಇಲ್ಲ, ನೀವೇ ಸಾಯುತ್ತೀರಿ. ಒಂದೇ ಬಾಗಿಲಿನ ಕೋಣೆಗೆ ತಳ್ಳಿ, ಆ ಬಾಗಿಲಿನಿಂದ ಏಕೆ ಹೋದೆ ಎಂದು ಕೇಳಿದಂತಾಯಿತು. ಆಟ ನಿಲ್ಲಿಸಿ ಎದ್ದು ಹೋಗಬಹುದಿತ್ತಲ್ಲ ಎಂಬ ಸಮರ್ಥನೆ ಇದೆ. ಹಣ ಪಡೆದ ಅಂಗಡಿಯವನು ಆಡುವ ಮಾತಲ್ಲ ಅದು.

ಆದರೆ ಅದೇ ಆಟದಲ್ಲಿ ಮುಂದೆ ಇನ್ನೊಂದು ಸನ್ನಿವೇಶ ಇದೆ. ರೊಚ್ಚಿಗೆದ್ದ ಊರಿನ ಜನ ನಿಮ್ಮ ಜೊತೆಗಾರನನ್ನು ನೇಣಿಗೇರಿಸಿದ್ದಾರೆ, ನಿಮ್ಮನ್ನು ಸುತ್ತುವರಿದು ಕಲ್ಲೆಸೆಯುತ್ತಿದ್ದಾರೆ. ಕೈಯಲ್ಲಿ ಬಂದೂಕಿದೆ. ಪರದೆಯ ಮೇಲೆ ಯಾವ ಸೂಚನೆಯೂ ಬರುವುದಿಲ್ಲ, 'ಈ ಬಟನ್ ಒತ್ತಿದರೆ ಕ್ಷಮೆ, ಆ ಬಟನ್ ಒತ್ತಿದರೆ ಸೇಡು' ಎಂಬ ಪಟ್ಟಿ ಇಲ್ಲ. ಬಹಳ ಜನ ಗುಂಪಿನ ಮೇಲೆಯೇ ಗುಂಡು ಹಾರಿಸುತ್ತಾರೆ, ಏಕೆಂದರೆ ಐದು ಗಂಟೆ ಅದನ್ನೇ ಮಾಡಿಕೊಂಡು ಬಂದಿರುತ್ತಾರೆ. ಬಂದೂಕನ್ನು ಮೇಲೆತ್ತಿ ಆಕಾಶಕ್ಕೆ ಹಾರಿಸಿದರೆ ಜನ ಚದುರಿ ಓಡುತ್ತಾರೆ. ಆಟ ಅದನ್ನು ಒಪ್ಪಿಕೊಳ್ಳುತ್ತದೆ, ಆದರೆ ಅದು ಸಾಧ್ಯ ಎಂದು ಮೊದಲೇ ಹೇಳುವುದಿಲ್ಲ. ರಂಜಕದ ದೃಶ್ಯಕ್ಕಿಂತ ಈ ದೃಶ್ಯವೇ ನನಗೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಬೈಸಿಕೊಂಡೆ, ಇಲ್ಲಿ ಸಿಕ್ಕಿಬಿದ್ದೆ.

ಯಾರನ್ನೂ ಕೊಲ್ಲದೆ ಗೆಲ್ಲಬಹುದಾದ ಆಟ ಇದೆಯೇ?

ಹಲವು ಇವೆ. ಅವುಗಳಲ್ಲಿ 'ಅಂಡರ್‌ಟೇಲ್' ಬೇರೆಯೇ ಜಾತಿಯದು. ಟೋಬಿ ಫಾಕ್ಸ್ ಎಂಬ ಯುವಕ ಹೆಚ್ಚಿನಂಶ ಒಬ್ಬನೇ ಕೂತು ರೂಪಿಸಿ 2015ರಲ್ಲಿ ಹೊರತಂದ ಆಟ. ಚಿತ್ರಗಳು ಮೂವತ್ತು ವರ್ಷ ಹಿಂದಿನ ಗೇಮ್‌ಗಳಂತೆ ಚೌಕುಳಿ ಚೌಕುಳಿಯಾಗಿವೆ. ಭೂಗರ್ಭದಲ್ಲಿ ರಾಕ್ಷಸರ ಲೋಕ, ಅಲ್ಲಿಗೆ ಬಿದ್ದ ಒಂದು ಮಗು. ಎದುರಾದ ಪ್ರತಿಯೊಬ್ಬರೊಂದಿಗೂ ಹೋರಾಡಬಹುದು ಅಥವಾ ಮಾತನಾಡಿಸಿ, ನಗಿಸಿ, ಹೊಗಳಿ, ಕೊನೆಗೆ ದಯೆ ತೋರಿ ಬಿಡಬಹುದು.

ಮೊದಲು ಸಿಗುವವಳು ಟೋರಿಯಲ್. ಮೇಕೆಯ ಮುಖದ ತಾಯಿಯಂಥವಳು, ಕೈ ಹಿಡಿದು ನಡೆಸುತ್ತಾಳೆ, ಸಿಹಿ ತಿನಿಸು ಮಾಡಿಕೊಡುತ್ತಾಳೆ. ಹೊರಗೆ ಹೋದರೆ ಸಾಯುತ್ತೀಯೆ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹಳೆಯ ಆಟಗಳನ್ನು ಆಡಿದವರ ಲೆಕ್ಕಾಚಾರ ಹೀಗಿರುತ್ತದೆ: ಸ್ವಲ್ಪ ಹೊಡೆದು ಸುಸ್ತು ಮಾಡೋಣ, ಆಗ ಬಿಟ್ಟುಕೊಡುತ್ತಾಳೆ. ಆಟಕ್ಕೆ ಈ ಲೆಕ್ಕಾಚಾರ ಗೊತ್ತು. ಅವಳ ಶಕ್ತಿ ಕುಗ್ಗುತ್ತಿದ್ದಂತೆ ನಿಮ್ಮ ಒಂದು ಏಟು ಇದ್ದಕ್ಕಿದ್ದಂತೆ ಹತ್ತು ಪಟ್ಟು ಬಲವಾಗಿ ಬಿದ್ದು ಅವಳು ಸತ್ತುಹೋಗುತ್ತಾಳೆ. ಗಾಬರಿಯಿಂದ ಆಟ ಮುಚ್ಚಿ, ಮೊದಲೇ ಉಳಿಸಿಟ್ಟ ಹಂತದಿಂದ, ಅಂದರೆ ಹಳೆಯ ಸೇವ್‌ನಿಂದ ಮತ್ತೆ ಶುರು ಮಾಡಿ, ಈ ಬಾರಿ ಮತ್ತೆ ಮತ್ತೆ ದಯೆಯನ್ನೇ ಆರಿಸಿ ಅವಳನ್ನು ಉಳಿಸಿಕೊಳ್ಳುತ್ತೀರಿ. ಹೊರಗೆ ಬಂದರೆ ಒಂದು ಹೂವು ಕಾದಿರುತ್ತದೆ. ನೀನು ಅವಳನ್ನು ಕೊಂದೆ, ಪಶ್ಚಾತ್ತಾಪವಾಗಿ ಕಾಲದಲ್ಲಿ ಹಿಂದಕ್ಕೆ ಹೋದೆ, ನನಗೆ ಗೊತ್ತು ಎನ್ನುತ್ತದೆ.

ಗೇಮ್ ಆಡುವವರಿಗೆ ಸೇವ್ ಎಂಬುದು ಎಲ್ಲ ಪಾಪವನ್ನೂ ತೊಳೆಯುವ ಗಂಗೆ. ತಪ್ಪಾದರೆ ಮರಳಿ ಲೋಡ್ ಮಾಡಿದರಾಯಿತು. ಈ ಆಟ ಆ ನೀರನ್ನೇ ಕದಡುತ್ತದೆ. ಎಲ್ಲರನ್ನೂ ಹುಡುಕಿ ಹುಡುಕಿ ಕೊಲ್ಲುತ್ತ ಹೋದರೆ ಊರುಗಳು ಖಾಲಿಯಾಗುತ್ತವೆ, ಕಾಳಗಕ್ಕೆ ಕರೆದರೆ 'ಆದರೆ ಯಾರೂ ಬರಲಿಲ್ಲ' ಎಂಬ ಒಂದು ಸಾಲು ಬರುತ್ತದೆ. ಕೊನೆಯವರೆಗೆ ಹಾಗೆಯೇ ಆಡಿದವರು ಆಮೇಲೆ ಎಷ್ಟೇ ಸಾಧುವಾಗಿ ಆಡಿದರೂ ಸುಖಾಂತ್ಯದಲ್ಲಿ ಒಂದು ಕಲೆ ಉಳಿದುಕೊಳ್ಳುತ್ತದೆ. ಎಕ್ಸ್‌ಪಿ ಎಂದರೆ ಎಲ್ಲ ಆಟಗಳಲ್ಲಿಯೂ ಅನುಭವದ ಅಂಕ. ಇಲ್ಲಿ ಅದರ ಅರ್ಥ ವಧೆಯ ಅಂಕ ಎಂದು ಕೊನೆಯ ಹಂತದಲ್ಲಿ ತಿಳಿಯುತ್ತದೆ. ನಾವು ವರ್ಷಾನುಗಟ್ಟಲೆ ಯಾವ ಅಂಕಗಳನ್ನು ಕೂಡಿಟ್ಟೆವೋ!

ಕೊಲ್ಲದಿರುವುದೇ ಕರುಣೆ ಎಂದುಕೊಳ್ಳಬೇಡಿ. 'ಡಿಸ್‌ಆನರ್ಡ್' (2012) ಆಟದಲ್ಲಿ ಒಬ್ಬ ಶ್ರೀಮಂತ ಮಹಿಳೆಯನ್ನು ಕೊಲ್ಲದೆ ಬಿಡುವ ದಾರಿ ಏನೆಂದರೆ, ಪ್ರಜ್ಞೆ ತಪ್ಪಿಸಿ ಅವಳ ಹಿಂದೆ ಬಿದ್ದಿರುವ ಒಬ್ಬ ಗಂಡಸಿನ ದೋಣಿಗೆ ಹಾಕಿ ಕಳಿಸುವುದು. ಆಟ ಅದನ್ನು ಸೌಮ್ಯ ಮಾರ್ಗದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನಾನು ಬರೆದುಕೊಳ್ಳಲಾರೆ.

ರಾಕ್ಷಸರನ್ನು ಕೊಂದರೆ ತಪ್ಪೇನು? ಅವು ಮನುಷ್ಯರಲ್ಲವಲ್ಲ?

'ಶ್ಯಾಡೋ ಆಫ್ ದಿ ಕೊಲೋಸಸ್' ಆಡಿ ನೋಡಿ. ಫುಮಿಟೊ ಉಎಡಾ ನಿರ್ದೇಶಿಸಿದ, 2005ರ ಜಪಾನಿನ ಆಟ. ಸತ್ತ ಹುಡುಗಿಯನ್ನು ಬದುಕಿಸಿಕೊಳ್ಳಲು ಒಬ್ಬ ಯುವಕ ಹದಿನಾರು ದೈತ್ಯ ಜೀವಿಗಳನ್ನು ಕೊಲ್ಲಬೇಕು. ಅವುಗಳಲ್ಲಿ ಕೆಲವು ತಮ್ಮ ಪಾಡಿಗೆ ತಾವು ಇರುತ್ತವೆ, ನಾವೇ ಹೋಗಿ ಕೆಣಕಬೇಕು. ಮೊದಲನೆಯದು ಉರುಳಿಬಿದ್ದಾಗ ಗೆಲುವಿನ ಕಹಳೆಯ ಬದಲು ಶೋಕದ ಸಂಗೀತ ಕೇಳುತ್ತದೆ. ಅದರ ದೇಹದಿಂದ ಹೊರಟ ಕಪ್ಪು ಎಳೆಗಳು ಯುವಕನ ಮೈಯನ್ನು ಹೊಕ್ಕುತ್ತವೆ. ಒಂದೊಂದು ಗೆಲುವಿಗೂ ಅವನ ಚರ್ಮ ಕಳೆಗುಂದುತ್ತದೆ. ಮಾತು ಬಹಳ ಕಡಿಮೆ, ಯಾರೂ ಉಪದೇಶ ಮಾಡುವುದಿಲ್ಲ.

ಸತ್ತವರೆಲ್ಲ ಮರಳಿ ಬರುವ ಆಟವೊಂದಿದೆ ಎಂದು ಗೆಳೆಯ ಹೇಳಿದ. ನಿಜವೇ?

ನಿಜ. ಹಿಡಿಯೊ ಕೊಜಿಮಾನ 'ಮೆಟಲ್ ಗಿಯರ್ ಸಾಲಿಡ್ 3' (2004). ಶೀತಲ ಸಮರದ ಕಾಲದ ಸೋವಿಯತ್ ಕಾಡಿನಲ್ಲಿ ಒಬ್ಬ ಗೂಢಚಾರನ ಕಥೆ. ಒಂದು ಹಂತದಲ್ಲಿ ಅವನು ಮಂಜು ಮುಸುಕಿದ ನದಿಯೊಳಗೆ ಎದುರುದಿಕ್ಕಿಗೆ ನಡೆಯಬೇಕು. ಅಲ್ಲಿಯವರೆಗೆ ಆಟಗಾರ ಕೊಂದ ಸೈನಿಕರೆಲ್ಲ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕತ್ತು ಕುಯ್ದವನು ಕತ್ತು ಹಿಡಿದುಕೊಂಡೇ ಬರುತ್ತಾನೆ. ನೂರು ಜನರನ್ನು ಕೊಂದವನಿಗೆ ನದಿ ಮುಗಿಯುವುದಿಲ್ಲ. ಯಾರನ್ನೂ ಕೊಲ್ಲದೆ ಬಂದವನಿಗೆ ಅದು ಹೆಚ್ಚುಕಡಿಮೆ ಖಾಲಿ. ಅಲ್ಲಿ ಗುಂಡು ಹಾರಿಸಿ ಪ್ರಯೋಜನವಿಲ್ಲ, ಅವರಾಗಲೇ ಸತ್ತವರು.

ಕನ್ನಡಿಗರಿಗೆ ಇದು ಹೊಸದಲ್ಲ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಎಲ್ಲರೂ ಸಾಲಾಗಿ ಸಿಗುತ್ತಾರೆ. ಪಿಯುಸಿಯಲ್ಲಿ ಪರೀಕ್ಷೆಗೆಂದು ಓದಿದ್ದ ಆ ಭಾಗ ನನಗೆ ತಟ್ಟಿದ್ದು ಹತ್ತು ವರ್ಷ ತಡವಾಗಿ, ಕಂಟ್ರೋಲರ್ ಹಿಡಿದು ಜಪಾನಿನವರ ನದಿ ದಾಟುವಾಗ. ಮೇಷ್ಟ್ರು ಕ್ಷಮಿಸಲಿ.

ಇದೇ ಆಟದ ಕೊನೆಯಲ್ಲಿ, ತನ್ನನ್ನು ಬೆಳೆಸಿದ ಗುರುವನ್ನೇ ನಾಯಕ ಬಿಳಿ ಹೂಗಳ ಬಯಲಿನಲ್ಲಿ ಕೊಲ್ಲಬೇಕು. ಎಲ್ಲವೂ ಸಿನಿಮಾದಂತೆ ನಡೆಯುತ್ತಿರುತ್ತದೆ, ಬಂದೂಕು ಗುರಿ ಹಿಡಿದಿರುತ್ತದೆ, ಆದರೆ ಮುಂದೆ ಸಾಗುವುದಿಲ್ಲ. ಏನಾಯಿತು ಎಂದು ಒಂದಷ್ಟು ಹೊತ್ತು ನೋಡುತ್ತೀರಿ. ಆಮೇಲೆ ತಿಳಿಯುತ್ತದೆ, ಬಟನ್ ಒತ್ತಬೇಕಾದವರು ನೀವು.

ಸಾಯುವವರಿಗೆ ಹೆಸರು ಕೊಟ್ಟರೆ ಸಾಕೇ?

'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗ (2020) ಅದನ್ನೇ ಪ್ರಯತ್ನಿಸಿತು. ಒಬ್ಬನನ್ನು ಕೊಂದರೆ ಅವನ ಜೊತೆಗಾರ ಹೆಸರು ಹಿಡಿದು ಕೂಗುತ್ತಾನೆ. ನಾಯಿಗಳಿಗೂ ಹೆಸರುಗಳಿವೆ. ಮೊದಲ ಒಂದು ಗಂಟೆ ಎದೆ ಹಿಂಡುತ್ತದೆ. ಮೂರನೆಯ ಗಂಟೆಗೆ ಆ ಹೆಸರುಗಳು ಮಳೆಯ ಸದ್ದಿನಂತೆ ಹಿನ್ನೆಲೆಗೆ ಸರಿಯುತ್ತವೆ, ನನಗಂತೂ ಹಾಗಾಯಿತು.

ನಿಜವಾಗಿ ನಾಟಿದ್ದು ಬೇರೆ. ತನಗೆ ತಂದೆಯಂತಿದ್ದವನನ್ನು ಕೊಂದ ಅಬ್ಬಿ ಎಂಬವಳನ್ನು ಎಲೀ ಎಂಬ ಹುಡುಗಿ ಬೆನ್ನಟ್ಟುತ್ತಾಳೆ. ಅರ್ಧ ದಾರಿಯಲ್ಲಿ ಆಟ ಅಬ್ಬಿಯನ್ನೇ ನಮ್ಮ ಕೈಗೆ ಕೊಟ್ಟು ಅದೇ ಮೂರು ದಿನಗಳನ್ನು ಅವಳ ಕಡೆಯಿಂದ ಬದುಕಿಸುತ್ತದೆ. ಹಿಂದೆ ನಾವು ಕೊಂದ ನಾಯಿಯೊಂದಿಗೆ ಈಗ ಚೆಂಡಾಟ ಆಡಬೇಕು. ದ್ವೇಷಿಸಿದವರ ಊಟ, ಜಗಳ, ಎತ್ತರದ ಭಯ, ಎಲ್ಲವೂ ನಮ್ಮದಾಗುತ್ತವೆ.

ದ್ವೇಷದ ವಿರುದ್ಧದ ಈ ಆಟ ಬಂದ ಮೇಲೆ ಅಬ್ಬಿಗೆ ದನಿ ಕೊಟ್ಟ ನಟಿಗೆ ಕೊಲೆ ಬೆದರಿಕೆಗಳು ಬಂದವು. ಗೇಮ್‌ಗಳ ಶಕ್ತಿಯ ಬಗ್ಗೆ ಯಾರಾದರೂ ಅತಿಯಾಗಿ ಹೊಗಳಿದಾಗ ನಾನು ಈ ಸಂಗತಿಯನ್ನು ನೆನಪಿಸುತ್ತೇನೆ. ನನಗೂ ನೆನಪಿಸಿಕೊಳ್ಳುತ್ತೇನೆ.

ಯುದ್ಧದ ಆಟ ಎಂದರೆ ಸೈನಿಕನೇ ಆಗಬೇಕೇ?

ಆಗಬೇಕಿಲ್ಲ. ಪೋಲೆಂಡಿನ ವಾರ್ಸಾದ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ 'ದಿಸ್ ವಾರ್ ಆಫ್ ಮೈನ್' ಮುತ್ತಿಗೆಗೆ ಒಳಗಾದ ಊರಿನ ಸಾಮಾನ್ಯರ ಆಟ. 1992ರಿಂದ 1996ರವರೆಗೆ ನಡೆದ, ಬೋಸ್ನಿಯಾದ ರಾಜಧಾನಿ ಸರಾಯೆವೊದ ಮುತ್ತಿಗೆ ಅದಕ್ಕೆ ಪ್ರೇರಣೆ. ಮುರುಕು ಮನೆಯಲ್ಲಿ ಒಬ್ಬ ಅಡುಗೆಯವನು, ಒಬ್ಬ ಪತ್ರಕರ್ತೆ, ಒಬ್ಬ ಫುಟ್‌ಬಾಲ್ ಆಟಗಾರ. ಹಗಲು ಹೊರಗೆ ಕಾಲಿಟ್ಟರೆ ಅಡಗಿ ಗುರಿಯಿಡುವವರ ಗುಂಡು, ರಾತ್ರಿ ಒಬ್ಬರು ಹೋಗಿ ಅನ್ನ, ಔಷಧಿ, ಸೌದೆ ಹುಡುಕಿ ತರಬೇಕು.

ಒಂದು ಮನೆಯಲ್ಲಿ ವೃದ್ಧ ದಂಪತಿ ಇದ್ದಾರೆ. ಕಪಾಟಿನಲ್ಲಿ ಔಷಧಿ ಇದೆ, ಅಡುಗೆಮನೆಯಲ್ಲಿ ಆಹಾರ ಇದೆ, ಅವರ ಬಳಿ ಆಯುಧ ಇಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೆ ಜ್ವರ. ಮುದುಕ ಹಿಂದೆ ಹಿಂದೆಯೇ ಬಂದು, ಬೇಡ, ಹೆಂಡತಿಗೆ ಹುಷಾರಿಲ್ಲ ಎಂದು ಅಂಗಲಾಚುತ್ತಾನೆ. ನಾನು ಎಲ್ಲವನ್ನೂ ತುಂಬಿಕೊಂಡು ಬಂದೆ. ಆಟ ದಂಡ ಹಾಕಲಿಲ್ಲ, ಅಂಕ ಕಳೆಯಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಫುಟ್‌ಬಾಲ್ ಆಟಗಾರ ಮಂಕಾಗಿ ಕೂತ, ಎದ್ದು ಕೆಲಸ ಮಾಡು ಎಂದರೆ ಕಾಲೆಳೆಯುತ್ತ ನಡೆದ. ಕೆಲವು ದಿನ ಬಿಟ್ಟು ಆ ಮನೆಗೆ ಮತ್ತೆ ಹೋದೆ. ಏಕೆ ಹೋದೆನೋ ಗೊತ್ತಿಲ್ಲ. ಮಂಚದ ಮೇಲೆ ಇಬ್ಬರೂ ಸತ್ತಿದ್ದರು.

2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಹದಿನೆಂಟು ತುಂಬಿದ ವಿದ್ಯಾರ್ಥಿಗಳ ಹೆಚ್ಚುವರಿ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಪಠ್ಯಪುಸ್ತಕ ಕೊಲ್ಲದ ಆಟ ಇದ್ದರೆ ಇದೊಂದೇ ಇರಬೇಕು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ರಕ್ತ, ಕಣ್ಣೀರು ಏನೂ ಇಲ್ಲದೆ ಬರೀ ನಿಯಮಗಳಿಂದಲೇ ಇದನ್ನು ಸಾಧಿಸಬಹುದೇ?

ಎರಡು ಉದಾಹರಣೆ. ಉರುಗ್ವೆಯ ಗೊಂಜಾಲೊ ಫ್ರಾಸ್ಕಾ 2003ರಲ್ಲಿ ರೂಪಿಸಿದ 'ಸೆಪ್ಟೆಂಬರ್ 12' ಎಂಬ ಪುಟ್ಟ ಆಟದಲ್ಲಿ ಒಂದು ಅರಬ್ ಪಟ್ಟಣದ ಮೇಲಿನಿಂದ ನೋಟ. ಜನಸಂದಣಿಯಲ್ಲಿ ಒಂದಿಬ್ಬರು ಬಂದೂಕುಧಾರಿಗಳಿದ್ದಾರೆ. ಕ್ಷಿಪಣಿ ಹಾರಿಸಬಹುದು, ಆದರೆ ಅದು ತಲುಪುವಷ್ಟರಲ್ಲಿ ಅವರು ಸರಿದಿರುತ್ತಾರೆ, ಪಕ್ಕದ ಜನ ಸಾಯುತ್ತಾರೆ. ಬಂದವರು ಹೆಣದ ಮುಂದೆ ಅಳುತ್ತಾರೆ. ಅತ್ತವರಲ್ಲಿ ಕೆಲವರು ಎದ್ದು ಬಂದೂಕುಧಾರಿಗಳಾಗುತ್ತಾರೆ. ಇಷ್ಟೇ ಆಟ. ಗೆಲುವಿಲ್ಲ, ಸೋಲಿಲ್ಲ.

ಇನ್ನೊಂದು ವಿಡಿಯೋ ಗೇಮ್ ಅಲ್ಲ, ಅದೇ ಕ್ಷೇತ್ರದ ಬ್ರೆಂಡಾ ರೊಮೆರೊ 2009ರಲ್ಲಿ ರೂಪಿಸಿದ 'ಟ್ರೇನ್' ಎಂಬ ಹಲಗೆ ಆಟ. ಆಟಗಾರರು ಹಳದಿ ಬಣ್ಣದ ಮರದ ಗೊಂಬೆಗಳನ್ನು ರೈಲಿನ ಡಬ್ಬಿಗಳಿಗೆ ತುಂಬಿ ಗುರಿ ಮುಟ್ಟಿಸಲು ಪೈಪೋಟಿ ಮಾಡುತ್ತಾರೆ. ಗುರಿ ಮುಟ್ಟಿದ ಮೇಲೆ ಊರಿನ ಹೆಸರಿರುವ ಕಾರ್ಡ್ ತಿರುಗಿಸುತ್ತಾರೆ: ಔಶ್ವಿಟ್ಸ್, ನಾಜಿಗಳು ಯಹೂದಿಗಳನ್ನು ರೈಲಿನಲ್ಲಿ ಸಾಗಿಸಿ ಕೊಂದ ಶಿಬಿರ. ಹಲಗೆಯ ಕೆಳಗೆ ಒಡೆದ ಕಿಟಕಿ ಗಾಜು ಇದೆ, ನಾಜಿಗಳು ಯಹೂದಿಗಳ ಅಂಗಡಿಗಳ ಗಾಜು ಒಡೆದ ರಾತ್ರಿಯ ನೆನಪಿಗೆ. ನಿಯಮಗಳನ್ನು ಪಾಲಿಸಿದ್ದೇ ತಪ್ಪಾಯಿತೇ ಎಂಬ ಪ್ರಶ್ನೆ ಆಟಗಾರರ ಮುಖದ ಮೇಲೆ ಮೂಡುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಯುದ್ಧಕ್ಕೂ ನಿಯಮಗಳಿವೆಯಲ್ಲ, ಗೇಮ್‌ಗಳಲ್ಲಿ ಅವು ಏಕಿಲ್ಲ?

ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ 2013ರಲ್ಲಿ ಇದನ್ನೇ ಕೇಳಿತು. ಆಟವನ್ನು ಕೆಡಿಸುವುದು ಬೇಡ, ಗಾಯಾಳುಗಳನ್ನು, ನಾಗರಿಕರನ್ನು ಕೊಂದರೆ ಅದಕ್ಕೊಂದು ಪರಿಣಾಮ ಇರಲಿ ಎಂಬುದು ಅದರ ಕೋರಿಕೆ. ಜೆಕ್ ದೇಶದ ಬೊಹೆಮಿಯಾ ಇಂಟರಾಕ್ಟಿವ್ ಸಂಸ್ಥೆ ತನ್ನ 'ಆರ್ಮಾ 3' ಎಂಬ ಯುದ್ಧದ ಆಟಕ್ಕೆ 2017ರಲ್ಲಿ 'ಲಾಸ್ ಆಫ್ ವಾರ್' (ಯುದ್ಧದ ನಿಯಮಗಳು) ಎಂಬ ಭಾಗ ಸೇರಿಸಿತು. ಅದರಲ್ಲಿ ನೀವು ಯುದ್ಧ ಮುಗಿದ ಊರಿನಲ್ಲಿ ನೆಲಬಾಂಬ್ ತೆಗೆಯುವ ಸೇವಾ ಸಂಸ್ಥೆಯ ಕೆಲಸಗಾರ. ಬೇರೆಯವರು ಹುಗಿದು ಹೋದದ್ದನ್ನು ಮಂಡಿಯೂರಿ ಕೀಳಬೇಕು. ಮಾರಾಟದ ಹಣದಲ್ಲಿ ಒಂದು ಪಾಲು ರೆಡ್ ಕ್ರಾಸ್‌ಗೆ ಹೋಯಿತು.

'ಕಾಲ್ ಆಫ್ ಡ್ಯೂಟಿ'ಯ ವಿಮಾನ ನಿಲ್ದಾಣದ ದೃಶ್ಯವನ್ನು ಈ ಪಟ್ಟಿಗೆ ಸೇರಿಸುವುದಿಲ್ಲವೇ?

ಸೇರಿಸುವುದಿಲ್ಲ. 2009ರ 'ಮಾಡರ್ನ್ ವಾರ್‌ಫೇರ್ 2' ಆಟದಲ್ಲಿ ನೀವು ಭಯೋತ್ಪಾದಕರ ನಡುವೆ ಸೇರಿಕೊಂಡ ಗೂಢಚಾರ. ಅವರು ಪ್ರಯಾಣಿಕರನ್ನು ಕೊಲ್ಲುತ್ತ ನಡೆಯುವಾಗ ಜೊತೆಯಲ್ಲಿರಬೇಕು. ಗುಂಡು ಹಾರಿಸದೆಯೂ ನಡೆಯಬಹುದು, ದೃಶ್ಯವನ್ನೇ ಬಿಟ್ಟು ಮುಂದಕ್ಕೂ ಹೋಗಬಹುದು. ಜಪಾನ್ ಮತ್ತು ಜರ್ಮನಿಯ ಆವೃತ್ತಿಗಳಲ್ಲಿ ನಾಗರಿಕರನ್ನು ಕೊಂದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ದೃಶ್ಯ ಭೀಕರವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದಿನ ಮಿಷನ್ನಿನಲ್ಲಿ ಅದೇ ಹುರುಪಿನ ಸಂಗೀತ, ಅದೇ ಓಟ. ಆಟವೇ ಮರೆತದ್ದನ್ನು ಆಟಗಾರ ಏಕೆ ನೆನಪಿಟ್ಟುಕೊಳ್ಳಬೇಕು?

ಎಷ್ಟೇ ಮನ ಕಲಕಿದರೂ ಎರಡನೆಯ ಸಲಕ್ಕೆ ಮನಸ್ಸು ಜಡ್ಡುಗಟ್ಟುವುದಿಲ್ಲವೇ?

ಗಟ್ಟುತ್ತದೆ. 'ಸ್ಪೆಕ್ ಆಪ್ಸ್' ಆಟವನ್ನು ಎರಡನೆಯ ಬಾರಿ ಆಡಿದಾಗ ರಂಜಕದ ದೃಶ್ಯದಲ್ಲಿ ನನ್ನ ಗಮನ ಇದ್ದದ್ದು ಕಡಿಮೆ ಶೆಲ್‌ಗಳಲ್ಲಿ ಹೇಗೆ ಮುಗಿಸುವುದು ಎಂಬುದರ ಮೇಲೆ. ತಾಯಿ-ಮಗುವಿನ ಬಳಿ ಬಂದಾಗ ಮೊಬೈಲ್ ನೋಡುತ್ತಿದ್ದೆ. ಇದನ್ನು ಒಂದು ಕಾಲೇಜಿನಲ್ಲಿ ಹೇಳಿದಾಗ ಸಭೆ ಮೌನವಾಯಿತು, ಮಾತನ್ನು ಬೇರೆಡೆಗೆ ತಿರುಗಿಸಿದೆ.

ಸ್ವೀಡನ್ನಿನ ಇಬ್ಬರು ಮಾಡಿದ 'ಹಾಟ್‌ಲೈನ್ ಮಯಾಮಿ' (2012) ಈ ಜಡ್ಡನ್ನೇ ಲೆಕ್ಕಕ್ಕೆ ಹಿಡಿದ ಆಟ. ಅಬ್ಬರದ ಸಂಗೀತ, ಕ್ಷಣಕ್ಕೊಂದು ಕೊಲೆ, ಸತ್ತರೆ ಕೂಡಲೇ ಮತ್ತೆ ಶುರು, ಕೈ ತಾನಾಗಿ ಓಡುತ್ತದೆ. ಕೊನೆಯವನು ಸತ್ತ ಮರುಕ್ಷಣ ಸಂಗೀತ ನಿಲ್ಲುತ್ತದೆ. ಮಂದವಾದ ಒಂದು ಗುಂಯ್‌ಗುಡುವಿಕೆ ಮಾತ್ರ. ಕಾರಿನ ಬಳಿಗೆ ಹೋಗಲು ನೀವು ಕೊಂದವರ ನಡುವೆಯೇ ಮರಳಿ ನಡೆಯಬೇಕು. ಬರುವಾಗ ಅವರೆಲ್ಲ ಅಡ್ಡಿಗಳಾಗಿದ್ದರು.

ನಮ್ಮ ಕನ್ನಡದ ಕಥೆಯಿಂದ ಇಂಥ ಆಟ ಮಾಡಬಹುದೇ?

ಭರತ-ಬಾಹುಬಲಿಯ ಕಥೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸೈನ್ಯಗಳು ಬಡಿದಾಡಿ ಸಾಯುವುದು ಬೇಡ ಎಂದು ಮಂತ್ರಿಗಳು ಅಣ್ಣತಮ್ಮಂದಿರ ನಡುವೆಯೇ ಮೂರು ಪಂದ್ಯ ಏರ್ಪಡಿಸುತ್ತಾರೆ: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರು ಲೆವೆಲ್‌ಗಳು ಆಗಲೇ ಸಿದ್ಧ ಇವೆ ನೋಡಿ. ಮೂರರಲ್ಲಿಯೂ ಗೆಲ್ಲುತ್ತ ಬಂದ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತುತ್ತಾನೆ, ನೆಲಕ್ಕೆ ಅಪ್ಪಳಿಸುವುದಿಲ್ಲ, ಕೆಳಗಿಳಿಸುತ್ತಾನೆ. ನಾನಾದರೆ ಎತ್ತುವಾಗ ಬಟನ್ ಒತ್ತಿ ಹಿಡಿಯುವಂತೆ ಮಾಡುತ್ತೇನೆ, ಬೆರಳು ನೋಯುವಷ್ಟು ಹೊತ್ತು. ಬಿಟ್ಟರೆ ಅಪ್ಪಳಿಸುತ್ತಾನೆ. ಮೆಲ್ಲಗೆ ಇಳಿಸಲೂ ಒಂದು ದಾರಿ ಇರುತ್ತದೆ, ಪರದೆಯ ಮೇಲೆ ಅದನ್ನು ಬರೆದಿರುವುದಿಲ್ಲ.

ಹಾಸನದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಷ್ಟು ಹೇಳಿ ನಿಲ್ಲಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸರ್, ನಾಲ್ಕನೆಯ ಲೆವೆಲ್ ಬಿಟ್ಟಿರಿ' ಎಂದ. ಯಾವುದಪ್ಪಾ ಎಂದೆ. 'ತಪಸ್ಸು ಸರ್. ಕಂಟ್ರೋಲರ್ ಮುಟ್ಟದೆ ಇದ್ದಷ್ಟು ಹೊತ್ತು ಕಾಲಿಗೆ ಬಳ್ಳಿ ಹಬ್ಬುತ್ತಾ ಹೋಗಬೇಕು. ಮುಟ್ಟಿದರೆ ನಿಂತುಹೋಗಬೇಕು.' ಅವನ ಗೆಳೆಯರೆಲ್ಲ ನಕ್ಕರು. ಎಷ್ಟು ಹೊತ್ತು ಮುಟ್ಟದಿರಬೇಕು ಎಂದು ಕೇಳಿದೆ.

'ಒಂದು ವರ್ಷ ಸರ್' ಎಂದ.